ಏಪ್ಲಾಸ್ಟಿಕ್ ಅನೀಮಿಯಾ: ತಮ್ಮನಿಗೆ ಇದು ಶುರುವಾಗಿದ್ದು ಯಾವಾಗ?

ಮುಂಬೆಳಗು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 22 ವರ್ಷ. ಹದಿನೈದು ದಿನದ ಹಿಂದೆ ಅವನಿಗೆ ತೀವ್ರ ಏಪ್ಲಾಸ್ಟಿಕ್ ಅನೀಮಿಯಾ, ಅಂದರೆ ಮೂಳೆಯೊಳಗಿನ ಮಜ್ಜೆ ಸಾಕಷ್ಟು ರಕ್ತಕಣ ಮಾಡದಿರುವ ಕಾಯಿಲೆ, ಇದೆ ಅಂತ ಗೊತ್ತಾಯಿತು. ಚಿಕಿತ್ಸೆಯ ತಯಾರಿ ನಡೀತಾ ಇದೆ. ಆದರೆ ರಾತ್ರಿ ಮಲಗಿದರೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಇದು ಶುರುವಾಗಿದ್ದು ಯಾವಾಗ? ನಾವು ಎಲ್ಲಿ ನೋಡದೆ ಹೋದೆವು?

ಈಗ ಹಿಂದೆ ತಿರುಗಿ ನೋಡಿದರೆ ಎಲ್ಲವೂ ಕಾಣುತ್ತದೆ. ನಾಲ್ಕು ತಿಂಗಳ ಹಿಂದೆ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ನಿಲ್ಲೋಕೆ ಶುರು ಮಾಡಿದ. ನಿದ್ದೆ ಸಾಲ್ತಿಲ್ಲ ಅಂದ, ನಾವೂ ಹಾಗೇ ಅಂದುಕೊಂಡೆವು. ಆಮೇಲೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ. ಮೆತ್ತಗಿನ ಬ್ರಷ್ ತಂದ. ಒಂದು ಸಂಜೆ ಕಾಲುಚೀಲ ಬಿಚ್ಚಿದಾಗ ಎಲಾಸ್ಟಿಕ್ ಒತ್ತಿದ ಜಾಗದ ಸುತ್ತ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ತುರಿಕೆ ಇಲ್ಲ, ನೋವಿಲ್ಲ. ಬೆವರುಸಾಲೆ ಇರಬೇಕು ಅಂದೆ ನಾನು. ಬೆರಳಿಂದ ಒತ್ತಿಯೂ ನೋಡಿದೆ. ಚರ್ಮ ಬಿಳಿಚಿತು, ಚುಕ್ಕೆ ಮಾತ್ರ ಹಾಗೇ ಇತ್ತು. ಚರ್ಮದಡಿ ರಕ್ತ ಸೋರಿದ ಗುರುತು ಅದು ಅಂತ ಆಗ ಗೊತ್ತಿರಲಿಲ್ಲ.

ಕಾಯಿಲೆ ಗೊತ್ತಾಗುವ ಆರು ವಾರ ಮೊದಲು ಒಂದು ಕ್ಲಿನಿಕ್‌ಗೆ ಹೋಗಿದ್ದ. ಮುಖ ಬಿಳಿಚಿದೆ ಅಂತ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ರಕ್ತ ಪರೀಕ್ಷೆ ಮಾಡಿಸಲಿಲ್ಲ. ಕೊನೆಗೆ ಒಂದು ರಾತ್ರಿ ಮೂಗಿನಿಂದ ರಕ್ತ ಬಂತು, ಎರಡು ಗಂಟೆಯಾದರೂ ನಿಲ್ಲಲಿಲ್ಲ. ಆಸ್ಪತ್ರೆಗೆ ಓಡಿದೆವು. ಹಿಮೋಗ್ಲೋಬಿನ್ 6.1, ಬಿಳಿ ರಕ್ತಕಣ 1,800, ಅದರಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೊಫಿಲ್ 380, ಪ್ಲೇಟ್‌ಲೆಟ್ 9,000.

ಅಮ್ಮ ಅವನ ರಾತ್ರಿ ಪಾಳಿ ಕೆಲಸವನ್ನು ಬೈಯುತ್ತಾರೆ. ಅಪ್ಪ ಜ್ವರಕ್ಕೆ ತೆಗೆದುಕೊಂಡ ಯಾವುದೋ ಮಾತ್ರೆಯನ್ನು. ನಾನು ನನ್ನನ್ನೇ. ಬಲ್ಲವರು ದಯವಿಟ್ಟು ಹೇಳಿ.

ರಕ್ತಬಿಂದು

ನಾನು ರಕ್ತರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ನಿಮ್ಮ ತಮ್ಮನ ಕಡತ ನನ್ನ ಮುಂದಿಲ್ಲ, ಹಾಗಾಗಿ ಚಿಕಿತ್ಸೆಯ ಬಗ್ಗೆ ಹೇಳಲ್ಲ. ಆದರೆ "ಯಾವಾಗ ಶುರುವಾಯಿತು" ಅನ್ನೋ ಪ್ರಶ್ನೆಯನ್ನು ಪ್ರತಿ ಕುಟುಂಬವೂ ಕೇಳುತ್ತದೆ. ಅದಕ್ಕೆ ಸ್ವಲ್ಪ ಉದ್ದವಾಗಿ ಉತ್ತರ ಕೊಡುತ್ತೇನೆ.

ಸೆಲೆ ಬತ್ತಿದ ದಿನವೇ ಕೆರೆ ಖಾಲಿಯಾಗಲ್ಲ, ಅಲ್ವಾ? ಇಲ್ಲೂ ಅದೇ. ಮೂಳೆಯೊಳಗಿನ ಮಜ್ಜೆ ಆ ಸೆಲೆ. ಅಲ್ಲಿರುವ ಕಾಂಡಕೋಶಗಳಿಂದಲೇ ಮೂರೂ ಬಗೆಯ ಕಣಗಳು ಹುಟ್ಟುತ್ತವೆ. ಆರೋಗ್ಯವಂತ ಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣ ಮಾಡುತ್ತದೆ. ಈ ಕಾಯಿಲೆಯಲ್ಲಿ ಹೆಚ್ಚಿನವರಲ್ಲಿ ಆಗುವುದೇನೆಂದರೆ, ದೇಹವನ್ನು ಕಾಯಬೇಕಾದ ಟಿ ಕೋಶಗಳೇ ಕಾಂಡಕೋಶಗಳ ಮೇಲೆ ತಿರುಗಿ ಬೀಳುತ್ತವೆ. ಮಜ್ಜೆಗೆ ದಂಡಿಯಾಗಿ ಮೀಸಲು ಇರುತ್ತದೆ. ಅದರಲ್ಲಿ ಬಹುಪಾಲು ಹೋಗುವ ತನಕ ರಕ್ತದಲ್ಲಿ ಏನೂ ಗೊತ್ತಾಗಲ್ಲ. ಅಂದರೆ ಕಾಯಿಲೆಯ ಮೊದಲ ಭಾಗ ಪೂರ್ತಿ ಮೌನ. ಆ ಹೊತ್ತಿನಲ್ಲಿ ಅವನಿಗೂ ಗೊತ್ತಾಗಿರಲಿಕ್ಕಿಲ್ಲ, ನಿಮಗಂತೂ ಸಾಧ್ಯವೇ ಇರಲಿಲ್ಲ.

ಆಮೇಲೆ ಲಕ್ಷಣಗಳು ಬರುವ ರೀತಿಯನ್ನು ಆಯಾ ಕಣದ ಆಯಸ್ಸು ತೀರ್ಮಾನಿಸುತ್ತದೆ. ನ್ಯೂಟ್ರೊಫಿಲ್ ರಕ್ತದಲ್ಲಿ ಬಾಳುವುದು ಬಹಳ ಕಮ್ಮಿ ಹೊತ್ತು. ಪ್ಲೇಟ್‌ಲೆಟ್ 7ರಿಂದ 10 ದಿನ. ಕೆಂಪು ಕಣ ಸುಮಾರು 120 ದಿನ. ಒಂದು ಲೆಕ್ಕ ಹಾಕಿ. ಮಜ್ಜೆ ಒಂದೇ ದಿನ ಪೂರ್ತಿ ನಿಂತುಹೋಯಿತು, ಹಿಮೋಗ್ಲೋಬಿನ್ 14 ಇತ್ತು ಅಂದುಕೊಳ್ಳಿ. ದಿನಕ್ಕೆ ನೂರರಲ್ಲಿ ಒಂದು ಪಾಲಿಗಿಂತ ಕಮ್ಮಿ ಇಳಿಯುತ್ತದೆ. ರಕ್ತಸ್ರಾವ ಇಲ್ಲದಿದ್ದರೆ 6ಕ್ಕೆ ಬರಲು ಎರಡು ತಿಂಗಳಿಗೂ ಜಾಸ್ತಿ ಬೇಕು. ನಿಜದಲ್ಲಿ ಮಜ್ಜೆ ಒಂದೇ ದಿನ ನಿಲ್ಲುವುದಿಲ್ಲ, ತಿಂಗಳುಗಟ್ಟಲೆ ಕುಂದುತ್ತದೆ. ಹಾಗಾಗಿ 6.1 ಅನ್ನೋ ಅಂಕಿ ನೋಡಿದಾಗಲೇ ನಮಗೆ ಗೊತ್ತಾಗುತ್ತದೆ, ಇದು ನಿನ್ನೆ ಮೊನ್ನೆಯದಲ್ಲ ಅಂತ.

ಇನ್ನೊಂದು ಮಾತು. ನಿಧಾನವಾಗಿ ಇಳಿಯುವುದರಿಂದ ದೇಹ ಹೊಂದಿಕೊಂಡುಬಿಡುತ್ತದೆ. ಅಷ್ಟು ಕಮ್ಮಿ ಹಿಮೋಗ್ಲೋಬಿನ್ ಇಟ್ಟುಕೊಂಡು ನಡೆದೇ ಬರುವ ಹುಡುಗರನ್ನು ನಾನು ನೋಡಿದ್ದೇನೆ. ಆದ್ದರಿಂದ ಮನೆಯವರನ್ನು ಆಸ್ಪತ್ರೆಗೆ ತರುವುದು ಹೆಚ್ಚಾಗಿ ಸುಸ್ತಲ್ಲ, ರಕ್ತಸ್ರಾವ. ನಿಮ್ಮ ಮನೆಯಲ್ಲೂ ಹಾಗೇ ಆಗಿದೆ.

ದಾರಿಹೋಕ

ತಂಗಿ, ನಾನು ಇದೇ ಕಾಯಿಲೆಯಿಂದ ಎದ್ದು ಬಂದವನು. 9 ವರ್ಷ ಆಯಿತು. ನನ್ನದು ಶುರುವಾದ ರೀತಿ ಬೇರೆ.

ನನಗೆ ಮೊದಲು ಕಾಮಾಲೆ ಬಂತು. ಹೆಪಟೈಟಿಸ್ ಎ, ಬಿ, ಸಿ, ಇ ಎಲ್ಲ ಪರೀಕ್ಷೆ ಮಾಡಿದರು, ಒಂದೂ ಪಾಸಿಟಿವ್ ಬರಲಿಲ್ಲ. ಯಾವ ವೈರಸ್ ಅಂತ ಕೊನೆಗೂ ತಿಳಿಯಲಿಲ್ಲ. ಲಿವರ್ ತಾನಾಗಿ ಸರಿಹೋಯಿತು. ಮನೆಯವರೆಲ್ಲ ಉಸಿರು ಬಿಟ್ಟರು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಕೆನ್ನೆಯ ಒಳಭಾಗದಲ್ಲಿ ಕಪ್ಪು ರಕ್ತದ ಗುಳ್ಳೆ. ಪ್ಲೇಟ್‌ಲೆಟ್ 6,000. ಕಾಮಾಲೆ ಆದ ಎರಡು ಮೂರು ತಿಂಗಳಿಗೆ ಹೀಗಾಗುವ ಒಂದು ಬಗೆಯೇ ಇದೆಯಂತೆ, ಹರೆಯದ ಗಂಡುಮಕ್ಕಳಲ್ಲಿ ಜಾಸ್ತಿಯಂತೆ.

ನಾನೂ ಕಾರಣ ಹುಡುಕುತ್ತಾ ಹುಚ್ಚನಂತೆ ಆಗಿದ್ದೆ. ಯಾವ ದಿನ ಎಲ್ಲಿ ಏನು ಮುಟ್ಟಿದೆ ಅಂತ ಡೈರಿಯಲ್ಲಿ ಬರೆದಿದ್ದೆ. ನಲವತ್ತು ಪುಟ. ಅದರಲ್ಲಿ ವೈದ್ಯರಿಗೆ ಉಪಯೋಗಕ್ಕೆ ಬಂದದ್ದು ಒಂದೇ ಸಾಲು, ಕಾಮಾಲೆ ಬಂದ ತಾರೀಖು.

ಸೂಕ್ಷ್ಮದರ್ಶಿ

ನಾನು ಲ್ಯಾಬ್‌ನಲ್ಲಿ ರಕ್ತದ ಸ್ಲೈಡ್ ನೋಡುವವಳು. ನಮ್ಮ ಕಡೆಯಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಲ್ಯುಕೇಮಿಯಾ ಇದ್ದರೆ ಸಾಮಾನ್ಯವಾಗಿ ಸ್ಲೈಡ್ ಕೂಗಿ ಹೇಳುತ್ತದೆ. ದೊಡ್ಡ, ಬಲಿಯದ ಕಣಗಳು ಕಣ್ಣಿಗೆ ಹೊಡೆಯುತ್ತವೆ. ಏಪ್ಲಾಸ್ಟಿಕ್ ಅನೀಮಿಯಾದ ಸ್ಲೈಡ್ ಹಾಗಲ್ಲ, ಅದು ಬಿಕೋ ಅನ್ನುತ್ತದೆ. ಇರುವ ಕಣಗಳೆಲ್ಲ ಹೆಚ್ಚುಕಮ್ಮಿ ಸರಿಯಾಗೇ ಇರುತ್ತವೆ, ಆದರೆ ಬಹಳ ಕಮ್ಮಿ. ಕೆಂಪು ಕಣ ಮಾಮೂಲಿಗಿಂತ ಸ್ವಲ್ಪ ದೊಡ್ಡದಿರಬಹುದು. ಹೊಸದಾಗಿ ಹುಟ್ಟಿದ ಕೆಂಪು ಕಣಕ್ಕೆ ನಸು ನೀಲಿ ಛಾಯೆ ಇರುತ್ತದೆ, ಅಂಥದ್ದು ಒಂದೂ ಸಿಗಲ್ಲ. ಪ್ಲೇಟ್‌ಲೆಟ್ ಹುಡುಕಿಕೊಂಡು ಸ್ಲೈಡ್ ಜರುಗಿಸುತ್ತಾ ಹೋದರೆ ಒಂದಾದ ಮೇಲೊಂದು ಖಾಲಿ.

ಅದಕ್ಕೇ ರೆಟಿಕ್ಯುಲೊಸೈಟ್ ಎಣಿಕೆ ಮುಖ್ಯ. ಮಜ್ಜೆಯಿಂದ ಈಗಷ್ಟೇ ಹೊರಬಂದ ಎಳೇ ಕೆಂಪು ಕಣ ಅದು. ರಕ್ತ ಸೋರಿಹೋಗಿ ಅಥವಾ ಒಡೆದು ಅನೀಮಿಯಾ ಆಗಿದ್ದರೆ ಮಜ್ಜೆ ಬೆವರು ಸುರಿಸಿ ದುಡಿಯುತ್ತದೆ, ಈ ಎಣಿಕೆ ಏರುತ್ತದೆ. ಇಲ್ಲಿ ಹಿಮೋಗ್ಲೋಬಿನ್ ಪಾತಾಳಕ್ಕೆ ಹೋದರೂ ಇದು ಏರುವುದೇ ಇಲ್ಲ.

ಮಜ್ಜೆಯ ಬಯಾಪ್ಸಿಯಂತೂ ಮರೆಯೋಕಾಗಲ್ಲ. ಸೊಂಟದ ಹಿಂಭಾಗದ ಮೂಳೆಯಿಂದ ತೆಗೆದ, ಬೆಂಕಿಕಡ್ಡಿಯಷ್ಟು ತೆಳ್ಳಗಿನ, ಎರಡು ಸೆಂಟಿಮೀಟರ್ ತುಂಡು. ಹರೆಯದವರದ್ದಾದರೆ ಅರ್ಧಕ್ಕಿಂತ ಜಾಸ್ತಿ ಜಾಗ ನೇರಳೆ ಬಣ್ಣದ ಕೋಶಗಳಿಂದ ಕಿಕ್ಕಿರಿದಿರಬೇಕು. ಇವರದ್ದರಲ್ಲಿ ಬಿಳಿ ಬಿಳಿ ತೂತುಗಳು, ಜೇನುಗೂಡಿನ ಹಾಗೆ. ಅದೆಲ್ಲ ಕೊಬ್ಬು. ಅಲ್ಲೊಂದು ಇಲ್ಲೊಂದು ಲಿಂಫೊಸೈಟ್ ಎಂಬ ಬಿಳಿ ಕಣ ಕೂತಿರುತ್ತದೆ.

ಮುಂಬೆಳಗು, ಒಂದು ಕೆಲಸ ಮಾಡಿ. ತಮ್ಮನ ಹಳೇ ರಕ್ತ ಪರೀಕ್ಷೆಯ ವರದಿ ಯಾವುದಾದರೂ ಇದೆಯಾ ಹುಡುಕಿ. ಕೆಲಸಕ್ಕೆ ಸೇರುವಾಗ ಮಾಡಿಸಿದ್ದು, ಯಾವುದೋ ಜ್ವರಕ್ಕೆ ಮಾಡಿಸಿದ್ದು, ಏನಾದರೂ ಸರಿ. ಹಿಮೋಗ್ಲೋಬಿನ್ ಒಂದನ್ನೇ ನೋಡಬೇಡಿ. ಎಂಸಿವಿ ಅಂತ ಒಂದು ಸಾಲು ಇರುತ್ತದೆ, ಅದು ಕೆಂಪು ಕಣದ ಗಾತ್ರ. ಅದು 100 ದಾಟಿದೆಯಾ, ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಕೆಳಗಿದೆಯಾ ನೋಡಿ. "ಯಾವಾಗ" ಅನ್ನೋದಕ್ಕೆ ಊಹೆ ಬೇಡ, ಕಾಗದವೇ ಹೇಳಬಹುದು.

ಕಿರುದೀಪ

ನನ್ನ ಯಜಮಾನರು ಬಣ್ಣ, ಥಿನ್ನರ್ ಜೊತೆ ಕೆಲಸ ಮಾಡುವವರು. ಇದನ್ನೆಲ್ಲ ಓದಿ ಎದೆ ಡವಡವ ಅಂತಿದೆ. ರಾಸಾಯನಿಕದಿಂದ ಬರುತ್ತದೆ ಅಂತಾರಲ್ಲ, ನಿಜವಾ?

ರಕ್ತಬಿಂದು

ನಿಜ. ಆದರೆ ಅದು ಪೂರ್ತಿ ಕಥೆಯಲ್ಲ.

ಕೆಲವು ದ್ರಾವಕಗಳಲ್ಲಿ ಇರುವ ಬೆನ್ಜೀನ್ ಮಜ್ಜೆಗೆ ವಿಷ ಅನ್ನೋದು ಬಹಳ ಹಳೇ ತಿಳುವಳಿಕೆ. 1897ರಲ್ಲೇ ಸ್ವೀಡನ್ನಿನ ಸ್ಯಾಂಟೆಸನ್ ಎಂಬ ವೈದ್ಯರು ಸೈಕಲ್ ಟೈರ್ ಕಾರ್ಖಾನೆಯ ಕೆಲಸಗಾರರಲ್ಲಿ ಇದನ್ನು ವರದಿ ಮಾಡಿದ್ದರು. ವಿಕಿರಣವೂ ಹಾಗೇ. ಮೇರಿ ಕ್ಯೂರಿ 1934ರಲ್ಲಿ ತೀರಿಕೊಂಡಾಗ ಕಾರಣ ಏಪ್ಲಾಸ್ಟಿಕ್ ಅನೀಮಿಯಾ ಎಂದೇ ದಾಖಲಾಗಿತ್ತು. ಔಷಧಗಳಲ್ಲಿ ಹೆಸರು ಕೆಟ್ಟಿದ್ದು ಕ್ಲೋರಾಂಫೆನಿಕಾಲ್. ಅದನ್ನು ತೆಗೆದುಕೊಂಡ 20,000ದಿಂದ 40,000 ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂಬ ಅಂದಾಜಿದೆ. ಮಾತ್ರೆ ನಿಲ್ಲಿಸಿ ವಾರಗಳು, ತಿಂಗಳುಗಳು ಕಳೆದ ಮೇಲೂ ಬರಬಹುದು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್, ಥೈರಾಯ್ಡ್ ತಗ್ಗಿಸುವ ಕೆಲವು ಮಾತ್ರೆಗಳು, ಕೀಲುವಾತಕ್ಕೆ ಹಿಂದೆ ಕೊಡುತ್ತಿದ್ದ ಚಿನ್ನದ ಇಂಜೆಕ್ಷನ್ ಇವೂ ಪಟ್ಟಿಯಲ್ಲಿವೆ. ಗರ್ಭಿಣಿಯರಲ್ಲೂ ಅಪರೂಪಕ್ಕೆ ಕಾಣುತ್ತದೆ. 1888ರಲ್ಲಿ ಪಾಲ್ ಎರ್ಲಿಕ್ ಈ ಕಾಯಿಲೆಯನ್ನು ಮೊದಲ ಬಾರಿಗೆ ಬಣ್ಣಿಸಿದ್ದೇ ಒಬ್ಬ ಎಳೇ ವಯಸ್ಸಿನ ಗರ್ಭಿಣಿಯನ್ನು ನೋಡಿ.

ಆದರೆ ನಾವು ದಿನಾ ನೋಡುವ ರೋಗಿಗಳಲ್ಲಿ ಹೆಚ್ಚಿನವರಿಗೆ ಇಂಥ ಯಾವ ಕಾರಣವೂ ಸಿಗುವುದಿಲ್ಲ. ಹಾಗಂತ ಕೇಳುವುದನ್ನು ಬಿಡಲ್ಲ. ಕಳೆದ ಆರು ತಿಂಗಳಲ್ಲಿ ನುಂಗಿದ ಪ್ರತಿ ಮಾತ್ರೆ, ಮಾಡಿದ ಕೆಲಸ, ಬಂದ ಕಾಮಾಲೆ ಎಲ್ಲ ಬರೆದುಕೊಳ್ಳುತ್ತೇವೆ. ಅನುಮಾನದ ಔಷಧ ನಿಲ್ಲಿಸಬೇಕು, ಮುಂದೆಂದೂ ಕೊಡಬಾರದು, ಅದಕ್ಕೆ.

ನಿಮ್ಮ ಯಜಮಾನರ ವಿಷಯ. ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಲಿ. ದ್ರಾವಕದಿಂದ ಕೈ ತೊಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಲಿ. ವರ್ಷಕ್ಕೊಮ್ಮೆ ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ, ಮಾಡಿಸಲಿ. ಲಕ್ಷಣ ಇಲ್ಲದೆ ಸುಮ್ನೆ ಹೆದರಬೇಡಿ. ಪಾಶ್ಚಾತ್ಯ ದೇಶಗಳಲ್ಲಿ ಇದು ವರ್ಷಕ್ಕೆ ಹತ್ತು ಲಕ್ಷದಲ್ಲಿ ಸುಮಾರು ಇಬ್ಬರಿಗೆ ಬರುತ್ತದೆ, ಏಷ್ಯಾದಲ್ಲಿ ಅದರ ಎರಡು ಮೂರು ಪಟ್ಟು.

ಮುಂಬೆಳಗು ಅವರ ಅಮ್ಮನಿಗೆ ಒಂದು ಮಾತು ತಿಳಿಸಿ. ರಾತ್ರಿ ಪಾಳಿಯಿಂದ ಇದು ಬರುವುದಿಲ್ಲ.

ನೆರೆಮನೆ

ನಮ್ಮ ಪರಿಚಯದವರಿಗೆ ಪ್ಲೇಟ್‌ಲೆಟ್ ಬಿದ್ದಾಗ ಸ್ಟಿರಾಯ್ಡ್ ಕೊಟ್ಟರು, ವಾರದಲ್ಲಿ ಏರಿತು. ಇವರಿಗೂ ಮೊದಲೇ ಕೊಟ್ಟಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲವೇನೋ?

ರಕ್ತಬಿಂದು

ಇಲ್ಲ. ನಿಮ್ಮ ಪರಿಚಯದವರಿಗೆ ಬಹುಶಃ ಐಟಿಪಿ ಎಂಬ ಬೇರೆ ಕಾಯಿಲೆ ಇತ್ತು. ಅಲ್ಲಿ ಪ್ಲೇಟ್‌ಲೆಟ್ ಹುಟ್ಟುತ್ತದೆ, ರಕ್ತದಲ್ಲಿ ನಾಶವಾಗುತ್ತದೆ. ಮಿಕ್ಕ ಎರಡು ಬಗೆಯ ಕಣ ಚೆನ್ನಾಗಿರುತ್ತವೆ. ಶುರುವಿನಲ್ಲಿ ಎರಡನ್ನೂ ಅದಲುಬದಲು ಮಾಡಿಕೊಳ್ಳುವುದು ಸುಲಭ, ಯಾಕೆಂದರೆ ಏಪ್ಲಾಸ್ಟಿಕ್ ಅನೀಮಿಯಾದಲ್ಲೂ ಕೆಲವರಿಗೆ ಮೊದಲು ಪ್ಲೇಟ್‌ಲೆಟ್ ಮಾತ್ರ ಇಳಿಯುತ್ತದೆ. ಆದರೆ ಮೂರೂ ಕಮ್ಮಿ ಇರುವಾಗ ಮಜ್ಜೆ ನೋಡದೆ ಸ್ಟಿರಾಯ್ಡ್ ಕೊಡುವುದು ಅಪಾಯ. ಒಳಗೆ ಲ್ಯುಕೇಮಿಯಾ ಅಡಗಿದ್ದರೆ ಮುಚ್ಚಿಹೋಗುತ್ತದೆ. ಸೋಂಕು ಇದ್ದರೆ ಹಬ್ಬುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಹೆಂಡತಿ ಎಲೀನರ್ ರೂಸ್‌ವೆಲ್ಟ್ ಅವರಿಗೆ 1960ರಲ್ಲಿ ಏಪ್ಲಾಸ್ಟಿಕ್ ಅನೀಮಿಯಾ ಅಂತ ಗುರುತಿಸಿದರು, ಆಮೇಲೆ ಸ್ಟಿರಾಯ್ಡ್ ಕೊಟ್ಟರು. ದೇಹದಲ್ಲಿ ಮಲಗಿದ್ದ ಹಳೇ ಕ್ಷಯ ಎದ್ದು ಎಲ್ಲೆಡೆ ಹರಡಿತು. 1962ರಲ್ಲಿ ತೀರಿಕೊಂಡರು.

ಶುರುವಿನಲ್ಲೇ ಬಿ12 ಕೊರತೆಯನ್ನೂ ಪರೀಕ್ಷಿಸಲೇಬೇಕು. ಅದರಲ್ಲೂ ಮೂರೂ ಕಣ ಇಳಿಯುತ್ತವೆ, ಕೆಂಪು ಕಣ ದೊಡ್ಡದಾಗುತ್ತದೆ, ಆದರೆ ಇಂಜೆಕ್ಷನ್‌ಗೆ ಪೂರ್ತಿ ವಾಸಿ. ಇನ್ನೊಂದು ಗುರುತು: ಏಪ್ಲಾಸ್ಟಿಕ್ ಅನೀಮಿಯಾದಲ್ಲಿ ಗುಲ್ಮ (ಸ್ಪ್ಲೀನ್), ಕತ್ತು ಕಂಕುಳಿನ ದುಗ್ಧಗ್ರಂಥಿಗಳು ಸಾಮಾನ್ಯವಾಗಿ ಊದಿರಲ್ಲ. ಊದಿದ್ದರೆ ನಾವು ಬೇರೆ ಏನೋ ಇದೆ ಅಂತ ಯೋಚಿಸುತ್ತೇವೆ.

ತಾಯಿಬೇರು

ನನ್ನ ಮಗಳ ವಿಷಯವನ್ನೂ ಹೇಳಬೇಕು ಅನ್ನಿಸಿತು. ಎಲ್ಲರದ್ದೂ ಟಿ ಕೋಶದ ದಾಳಿಯಿಂದಲೇ ಶುರುವಾಗುವುದಿಲ್ಲ.

ಅವಳಿಗೆ 5 ವರ್ಷ ಇದ್ದಾಗ ಒಂದು ಜ್ವರಕ್ಕೆ ರಕ್ತ ತೆಗೆದಾಗ ಪ್ಲೇಟ್‌ಲೆಟ್ 1,10,000. ವೈರಲ್ ಜ್ವರ, ಏರುತ್ತದೆ ಅಂದರು. ವೈರಲ್ ಜ್ವರದಲ್ಲಿ ಬಿದ್ದದ್ದು ವಾರದಲ್ಲಿ ಎದ್ದು ಬರಬೇಕು. ಇವಳದ್ದು ಬರಲಿಲ್ಲ. ಮುಂದಿನ ವರ್ಷ 80,000. ಅದರ ಮುಂದಿನ ವರ್ಷ 45,000. ಆಟ, ಓಟ ಎಲ್ಲ ಮಾಮೂಲಿ, ಹಾಗಾಗಿ ನಾವೂ ಎಳೆದೆವು. 8ನೇ ವರ್ಷದಲ್ಲಿ ಬೇರೆ ಒಬ್ಬ ವೈದ್ಯರು ರಕ್ತದ ವರದಿ ನೋಡುವ ಮೊದಲು ಅವಳ ಎರಡೂ ಕೈ ಹಿಡಿದು ಹೆಬ್ಬೆರಳು ನೋಡಿದರು. ಎಡಗೈಯದ್ದು ಸ್ವಲ್ಪ ಚಿಕ್ಕದು. ನಾನು ಹೆತ್ತವಳು, ಎಂಟು ವರ್ಷ ಗಮನಿಸಿರಲಿಲ್ಲ. ಬೆನ್ನಿನ ಮೇಲೆ ಕಂದು ಮಚ್ಚೆ, ವಯಸ್ಸಿಗೆ ಕಮ್ಮಿ ಎತ್ತರ. ಕ್ರೋಮೋಸೋಮ್ ಒಡೆಯುವ ಪರೀಕ್ಷೆ ಮಾಡಿಸಿದರು. ಫ್ಯಾಂಕೋನಿ ಅನೀಮಿಯಾ, ಹುಟ್ಟಿನಿಂದಲೇ ವಂಶವಾಹಿಯಲ್ಲಿ ಬರುವ ಕಾಯಿಲೆ.

ಇದು ಗೊತ್ತಾದ ಮೇಲೆ ಎಲ್ಲ ಬದಲಾಯಿತು. ಇವಳಿಗೆ ಟಿ ಕೋಶಗಳನ್ನು ತಗ್ಗಿಸುವ ಎಟಿಜಿ ಔಷಧದಿಂದ ಉಪಯೋಗ ಇಲ್ಲ. ಮಜ್ಜೆ ಕಸಿ ಮಾಡುವಾಗ ಮಾಮೂಲಿ ಪ್ರಮಾಣದ ಕೀಮೋ ಕೊಟ್ಟರೆ ತಡೆದುಕೊಳ್ಳಲ್ಲ, ಬಹಳ ತಗ್ಗಿಸಬೇಕು. ಅವಳ ಅಣ್ಣನ ಮಜ್ಜೆ ಹೊಂದಿದರೂ ಅವನಿಗೂ ಇದೇ ಇದೆಯಾ ಅಂತ ನೋಡಿಯೇ ತೆಗೆದುಕೊಂಡರು. ಮುಂಬೆಳಗು, ನಿಮ್ಮ ತಮ್ಮನಿಗೆ ಈ ಪರೀಕ್ಷೆ ಆಗಿದೆಯಾ ಕೇಳಿ. 22 ವರ್ಷ ಆಯಿತಲ್ಲ ಅಂತ ಬಿಡಬೇಡಿ. ದೊಡ್ಡವರಾದ ಮೇಲೂ ಹೊರಬರುವುದುಂಟು.

ಹೊಸಬ

ನನ್ನ ತೊಡೆಯ ಮೇಲೆ ಎರಡು ನೀಲಿ ಗುರುತು ಇದೆ. ಪೆಟ್ಟಾಗಿದ್ದು ನೆನಪಿಲ್ಲ. ಎರಡು ದಿನದಿಂದ ನಿದ್ದೆ ಇಲ್ಲ.

ಸೂಕ್ಷ್ಮದರ್ಶಿ

ಸಿಬಿಸಿ ಮಾಡಿಸಿ, ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಒಂದೆರಡು ನೀಲಿ ಗುರುತು ಬಹಳ ಜನರಿಗೆ ಸುಮ್ನೆ ಬರುತ್ತವೆ. ಒತ್ತಿದರೂ ಮಾಯವಾಗದ ಚುಕ್ಕೆ, ನಿಲ್ಲದ ರಕ್ತ, ಅಥವಾ ಇದರ ಜೊತೆ ಜ್ವರ ಇದ್ದರೆ ಮಾತ್ರ ನಾಳೆಗೆ ಮುಂದೂಡಬೇಡಿ.

ಮುಂಬೆಳಗು

ಎಲ್ಲರ ಮಾತನ್ನೂ ತಮ್ಮನಿಗೆ ಓದಿ ಹೇಳಿದೆ. ಅವನಿಗೆ ಕ್ರೋಮೋಸೋಮ್ ಪರೀಕ್ಷೆ ಆಗಿದೆ, ಮಾಮೂಲಿ ಬಂದಿದೆ. ಪಿಎನ್‌ಎಚ್ ಅಂತ ಇನ್ನೊಂದು ಪರೀಕ್ಷೆಯಲ್ಲಿ ಸಣ್ಣ ಗುಂಪು ಇದೆ ಅಂದರು. ಅದೇನು? ಇನ್ನೊಂದು ರೋಗವಾ?

ಇನ್ನೂ ಒಂದು ಕೇಳಲೇಬೇಕು. ಆ ಆರು ವಾರ ಹೋಯಿತಲ್ಲ, ಕಬ್ಬಿಣದ ಮಾತ್ರೆ ನುಂಗಿಕೊಂಡು. ಅದರಿಂದ ಏನಾದರೂ ಕೈತಪ್ಪಿತಾ? ಸಮಾಧಾನಕ್ಕೆ ಹೇಳಬೇಡಿ, ಇದ್ದದ್ದು ಹೇಳಿ.

ರಕ್ತಬಿಂದು

ಇದ್ದದ್ದೇ ಹೇಳುತ್ತೇನೆ. ಮುಖ ಬಿಳಿಚಿದ ಹುಡುಗನಿಗೆ ವಸಡಿನಲ್ಲಿ ರಕ್ತ ಬರುತ್ತಿದೆ ಅಂದಾಗ ಸಿಬಿಸಿ ಮಾಡಿಸದೆ ಮಾತ್ರೆ ಕೊಟ್ಟಿದ್ದು ತಪ್ಪು. ಮಾಡಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಆ ಆರು ವಾರದಲ್ಲಿ ಅವನಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದಿತ್ತು, ಗಂಭೀರ ಸೋಂಕು ತಗಲಬಹುದಿತ್ತು. ಆಗಲಿಲ್ಲ. ಮಜ್ಜೆಯ ಮಟ್ಟಿಗೆ ಹೇಳುವುದಾದರೆ, ಆರು ವಾರ ಮೊದಲೇ ಬಂದಿದ್ದರೂ ಚಿಕಿತ್ಸೆ ಬಹುತೇಕ ಇದೇ ಇರುತ್ತಿತ್ತು.

ಪಿಎನ್‌ಎಚ್ ಅಂದರೆ ಕೆಂಪು ಕಣ ರಕ್ತದಲ್ಲೇ ಒಡೆಯುವ ಕಾಯಿಲೆ. ಅಂಥ ಕೋಶಗಳ ಸಣ್ಣ ಗುಂಪು ಏಪ್ಲಾಸ್ಟಿಕ್ ಅನೀಮಿಯಾ ಇರುವ ಸುಮಾರು ಅರ್ಧದಷ್ಟು ಜನರಲ್ಲಿ ಸಿಗುತ್ತದೆ. ಕೆಲವು ಕಾಂಡಕೋಶಗಳ ಮೈಮೇಲೆ ಕೆಲವು ಪ್ರೋಟೀನ್‌ಗಳು ಅಂಟಿಕೊಳ್ಳುವ ಕೊಕ್ಕೆ ಇರುವುದಿಲ್ಲ. ಅಂಥವು ಟಿ ಕೋಶದ ದಾಳಿಯಿಂದ ತಪ್ಪಿಸಿಕೊಂಡು ಉಳಿಯುತ್ತವೆ ಎಂಬುದು ಈಗಿನ ತಿಳುವಳಿಕೆ. ಅಂದರೆ ದಾಳಿ ನಡೆದಿದೆ ಅನ್ನೋದಕ್ಕೆ ಅದೊಂದು ಸಾಕ್ಷಿ. ಗುಂಪು ದೊಡ್ಡದಾಗುತ್ತದಾ ಅಂತ ಆಗಾಗ ನೋಡುತ್ತಾರೆ. ಬೆಳಗಿನ ಮೂತ್ರ ಕಪ್ಪಾದರೆ ತಕ್ಷಣ ತಿಳಿಸಿ.

"ತೀವ್ರ" ಅಂತ ಯಾಕೆ ಅಂದರು ಅನ್ನೋದನ್ನೂ ತಿಳಿದುಕೊಳ್ಳಿ. ಮಜ್ಜೆಯಲ್ಲಿ ಕೋಶಗಳು ಮಾಮೂಲಿಯ ಕಾಲು ಭಾಗಕ್ಕಿಂತ ಕಮ್ಮಿ ಇರಬೇಕು. ಜೊತೆಗೆ ನ್ಯೂಟ್ರೊಫಿಲ್ 500ಕ್ಕಿಂತ, ಪ್ಲೇಟ್‌ಲೆಟ್ 20,000ಕ್ಕಿಂತ ಕಮ್ಮಿ, ರೆಟಿಕ್ಯುಲೊಸೈಟ್ ತೀರಾ ಕಮ್ಮಿ, ಈ ಮೂರರಲ್ಲಿ ಎರಡು ಇರಬೇಕು. ನ್ಯೂಟ್ರೊಫಿಲ್ 200ಕ್ಕಿಂತ ಇಳಿದರೆ ಅತಿತೀವ್ರ. ಅವನದ್ದು 380. ಹಾಗಾಗಿ 38 ಡಿಗ್ರಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಸ್ನಾಯುವಿಗೆ ಇಂಜೆಕ್ಷನ್ ಬೇಡ. ನೀವು, ಅಪ್ಪ, ಅಮ್ಮ ಪ್ರೀತಿಯಿಂದ ರಕ್ತ ಕೊಡಲು ಹೋಗಬೇಡಿ. ಮನೆಯವರ ರಕ್ತ ಹೋದರೆ ಮುಂದೆ ನಿಮ್ಮದೇ ಮಜ್ಜೆಯನ್ನು ಅವನ ದೇಹ ತಿರಸ್ಕರಿಸುವ ಸಾಧ್ಯತೆ ಹೆಚ್ಚುತ್ತದೆ.

ದಾರಿಹೋಕ

ನನಗೆ ಮಜ್ಜೆ ಕೊಡಲು ಒಡಹುಟ್ಟಿದವರಿಲ್ಲ, ಹಾಗಾಗಿ ಎಟಿಜಿ ಮತ್ತು ಟಿ ಕೋಶಗಳನ್ನು ಅಡಗಿಸುವ ಇನ್ನೊಂದು ಔಷಧ ಸೈಕ್ಲೋಸ್ಪೋರಿನ್ ಕೊಟ್ಟರು. ಮೂರು ತಿಂಗಳು ಅಂಕಿ ಅಲ್ಲಾಡಲಿಲ್ಲ. ನಾಲ್ಕನೇ ತಿಂಗಳು ರೆಟಿಕ್ಯುಲೊಸೈಟ್ ಒಂಚೂರು ಏರಿತು. ನರ್ಸ್ ಆ ಕಾಗದ ಹಿಡಿದು ಓಡಿ ಬಂದಿದ್ದರು. ಏರುವುದೂ ಇಳಿದಷ್ಟೇ ನಿಧಾನ, ತಮ್ಮನಿಗೆ ಮೊದಲೇ ಹೇಳಿಡಿ.

ಮುಂಬೆಳಗು

ಹಳೇ ವರದಿ ಸಿಕ್ಕಿತು. ಸರ್ಟಿಫಿಕೇಟ್‌ಗಳ ಫೈಲ್‌ನಲ್ಲಿ ಮಡಚಿ ಇಟ್ಟಿದ್ದ. ಕೆಲಸಕ್ಕೆ ಸೇರುವಾಗ ಮಾಡಿಸಿದ್ದು, ಏಳು ತಿಂಗಳ ಹಿಂದಿನದು. ಹಿಮೋಗ್ಲೋಬಿನ್ 12.9, ಅದರ ಪಕ್ಕ ಪೆನ್ನಿನಲ್ಲಿ ಒಂದು ಸಣ್ಣ ಗೀಟು. ಎಂಸಿವಿ 103. ಬಿಳಿ ಕಣ 3,700. ಪ್ಲೇಟ್‌ಲೆಟ್ 1,12,000. ಕೆಳಗೆ "ಕೆಲಸಕ್ಕೆ ಯೋಗ್ಯ" ಅಂತ ಮುದ್ರೆ.

ಅವನಿಗೆ ತೋರಿಸಿದೆ. ತಾರೀಖು ನೋಡಿದ, ಬೆರಳಲ್ಲಿ ಎಣಿಸಿದ. "ಅಕ್ಕಾ, ಇದಾದ ಮುಂದಿನ ವಾರ ನಾವು ಬೆಟ್ಟ ಹತ್ತಿದ್ದೆವು. ನಾನೇ ಎಲ್ಲರಿಗಿಂತ ಮೊದಲು ತುದಿ ಮುಟ್ಟಿದ್ದು" ಅಂದ. ನನ್ನ ಫೋನಿನಲ್ಲಿ ಆ ಫೋಟೋ ಇದೆ. ದೊಡ್ಡದು ಮಾಡಿ ನೋಡಿದೆ. ಚಡ್ಡಿ ಹಾಕಿದ್ದಾನೆ, ಕಾಲು ಪೂರ್ತಿ ಕಾಣುತ್ತದೆ. ಒಂದು ಚುಕ್ಕೆಯೂ ಇಲ್ಲ.

ಸೂಕ್ಷ್ಮದರ್ಶಿ

ಆ ಕಾಗದದ ಪ್ರತಿ ಮಾಡಿ ನಾಳೆಯೇ ವೈದ್ಯರಿಗೆ ಕೊಡಿ. ಏಳು ತಿಂಗಳು ನಿಧಾನವಾಗಿ ಇಳಿದಿದೆ ಅಂದರೆ ಟೆಲೊಮಿಯರ್ (ಕ್ರೋಮೋಸೋಮ್‌ನ ತುದಿಯ ಭಾಗ, ಹುಟ್ಟಿನಿಂದ ಬರುವ ಕೆಲವು ಮಜ್ಜೆ ಕಾಯಿಲೆಯಲ್ಲಿ ಇದು ಗಿಡ್ಡ) ಉದ್ದವನ್ನೂ ನೋಡಬೇಕಾ ಅಂತ ಅವರು ಯೋಚಿಸಬಹುದು. ಪಿಎನ್‌ಎಚ್ ಗುಂಪು ಸಿಕ್ಕಿರುವುದು ಟಿ ಕೋಶದ ದಾಳಿಯ ಕಡೆಗೇ ಬೆರಳು ತೋರಿಸುತ್ತದೆ, ಆದರೂ ಅವರಿಗೆ ಗೊತ್ತಿರಲಿ. ಉಗುರು ಸೀಳುವುದು, ನಾಲಗೆ ಮೇಲೆ ಬಿಳಿ ಪಟ್ಟೆ, ಮನೆಯಲ್ಲಿ ಯಾರಿಗಾದರೂ ಎಳೇ ವಯಸ್ಸಿನಲ್ಲೇ ತಲೆ ನರೆತದ್ದು, ಶ್ವಾಸಕೋಶ ಅಥವಾ ಲಿವರ್ ಗಟ್ಟಿಯಾದದ್ದು ಇದ್ದರೆ ಅದನ್ನೂ ಹೇಳಿ.

ಮುಂಬೆಳಗು

ಉಗುರು, ನಾಲಗೆ ಈಗಷ್ಟೇ ಟಾರ್ಚ್ ಹಾಕಿ ನೋಡಿದೆ, ಏನೂ ಇಲ್ಲ. ಮನೆಯವರ ವಿಷಯ ಅಪ್ಪನನ್ನು ಕೂರಿಸಿಕೊಂಡು ಬರೆಯುತ್ತಿದ್ದೇನೆ. ನನ್ನ ಮಜ್ಜೆ ಅವನಿಗೆ ಹೊಂದುತ್ತದಾ ಅಂತ ನೋಡುವ ಎಚ್‌ಎಲ್‌ಎ ಪರೀಕ್ಷೆಗೆ ರಕ್ತ ಕೊಟ್ಟಾಗಿದೆ, ಫಲಿತಾಂಶ ಗುರುವಾರ.